ಒಣಗುವವರೆಗೆ ಮಾತನಾಡಬಾರದು

ಅಕ್ಕನ ಫೋನು ಬಂದ ಮೇಲೆ ತಕ್ಕಡಿಯವರು ಕನ್ನಡಿಯ ಮುಂದೆ ನಿಲ್ಲುವುದು ಜಾಸ್ತಿಯಾಯಿತು.

ತಕ್ಕಡಿಯವರು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಅವರಿಗೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಕೆಲಸ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಕಲ್ಲು, ಅಳತೆಯ ಪಟ್ಟಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು. ನಿಯಮ ಎಂದರೆ ನಿಯಮ. ಮದುವೆಯ ವಿಷಯದಲ್ಲೂ ಹಾಗೆಯೇ ನಡೆದುಕೊಂಡರು. ಬಂದ ಸಂಬಂಧಗಳನ್ನೆಲ್ಲ ತೂಗಿ ನೋಡುತ್ತ, ಮುಳ್ಳು ಸರಿಯಾಗಿ ನಡುವೆ ನಿಲ್ಲಲಿ ಎಂದು ಕಾಯುತ್ತ ಕೂತರು. ಅದು ನಿಲ್ಲುವಷ್ಟರಲ್ಲಿ ತಲೆ ಅರ್ಧ ಬೋಳಾಗಿ, ಹೆಣ್ಣು ಕೊಡುವವರೆಲ್ಲ ಮೊಮ್ಮಕ್ಕಳನ್ನು ಆಡಿಸುತ್ತಿದ್ದರು.

ಅದಕ್ಕೇನು ಅವರಿಗೆ ಬೇಸರವಿರಲಿಲ್ಲ. ಮೊದಲನೇ ಮಹಡಿಯ ಎರಡು ಕೋಣೆಯ ಆ ಮನೆಯಲ್ಲಿ ಅವರೇ ರಾಜ, ಅವರೇ ಮಂತ್ರಿ, ಅವರೇ ಪ್ರಜೆ. ತಟ್ಟೆ ತೊಳೆಯುವಾಗ ಮಾತ್ರ ಪ್ರಜೆ ಅನ್ನಿಸುತ್ತಿತ್ತು. ಉಳಿದ ಹೊತ್ತೆಲ್ಲ ರಾಜನೇ. ಕಿಟಕಿಯ ಪಕ್ಕ ಒಂದು ಕುರ್ಚಿ, ಗೂಟದಲ್ಲಿ ಒಂದು ಟವೆಲು, ಸ್ಟವ್ವಿನ ಪಕ್ಕ ಒಂದು ಲೋಟ. ಇಟ್ಟ ವಸ್ತು ಇಟ್ಟಲ್ಲೇ ಇರುವ ಸುಖ ಸಂಸಾರಸ್ಥರಿಗೆ ಹೇಳಿದರೆ ಅರ್ಥವಾಗುವುದಿಲ್ಲ.

ಆ ಸುಖಕ್ಕೆ ಕಲ್ಲು ಬಿದ್ದದ್ದು ಅಕ್ಕನ ಫೋನಿನಿಂದ.

"ನೋಡೋ, ನಾಳಿದ್ದು ಬೆಳಗಿನ ಬಸ್ಸಿಗೆ ಬರ್ತೀನಿ. ಹಾಸಿಗೆ ಸುತ್ತಿ ಇಟ್ಟಿರು."

"ಯಾಕಕ್ಕಾ?"

"ಯಾಕಾ? ಒಬ್ಬನೇ ಇದ್ದು ಇದ್ದು ಮುಖ ಹೇಗಾಗಿದೆ ಅಂತ ನೋಡ್ಕೊಂಡಿದ್ದೀಯಾ? ಹೋದ ಸಲ ನೋಡಿದಾಗ ಬಾಡಿದ ಬದನೇಕಾಯಿ ಥರ ಇತ್ತು. ನಿಂಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಲ್ಲಿ ಯಾರಿಗಪ್ಪಾ ಗೊತ್ತಾಗುತ್ತೆ? ಬಾಗಿಲು ಹಾಕಿದ್ದು ಹಾಕಿದ ಹಾಗೇ ಇರುತ್ತೆ. ನಮ್ಮನೇಲಾದ್ರೆ ಏಳು ಜನ ಇದ್ದೀವಿ. ಹಾಲಲ್ಲಿ ಫ್ರಿಜ್ ಪಕ್ಕ ನಿಂಗೆ ಜಾಗ ಮಾಡಿಸಿದ್ದೀನಿ."

"ನಾನು ಚೆನ್ನಾಗೇ ಇದ್ದೀನಲ್ಲಕ್ಕಾ."

"ಅದನ್ನ ನೀನಲ್ಲ, ನಿನ್ನ ಮುಖ ಹೇಳ್ಬೇಕು. ಮುಖದಲ್ಲಿ ಕಳೆ ಕಂಡ್ರೆ ಬಿಟ್ಟು ಹೋಗ್ತೀನಿ. ಇಲ್ಲ ಅಂದ್ರೆ ಸಂಜೆ ಬಸ್ಸಿಗೆ ಎಳ್ಕೊಂಡು ಹೋಗ್ತೀನಿ. ಇದೇ ಕೊನೇ ಮಾತು."

ಅಕ್ಕ ಕೊನೇ ಮಾತು ಅಂದರೆ ಅದು ಕೊನೇ ಮಾತೇ. ಅಪ್ಪನೂ ಎದುರಾಡುತ್ತಿರಲಿಲ್ಲ. ಫ್ರಿಜ್ಜಿನ ಪಕ್ಕದ ಜಾಗವನ್ನು ತಕ್ಕಡಿಯವರು ಮನಸ್ಸಿನಲ್ಲೇ ಅಳೆದು ನೋಡಿದರು. ಕಾಲು ಚಾಚಿದರೆ ಟಿವಿ, ಕೈ ಚಾಚಿದರೆ ತರಕಾರಿ ಬುಟ್ಟಿ. ಅವರು ನೇರವಾಗಿ ಔಷಧಿ ಅಂಗಡಿಗೆ ನಡೆದರು.

"ಮುಖಕ್ಕೆ ಕಳೆ ಬರೋದು ಏನಾದ್ರೂ ಇದೆಯಾ?"

ಅಂಗಡಿಯವನು ಲೇಪದ ಮಣ್ಣಿನ ಪೊಟ್ಟಣವೊಂದನ್ನು ತೆಗೆದ. "ಇದು ಬಹಳ ಚೆನ್ನಾಗಿ ಹೋಗ್ತಿದೆ ಸಾರ್. ಯಾರಿಗೆ?"

ತಕ್ಕಡಿಯವರಿಗೆ ಕಿವಿ ಬಿಸಿಯಾಯಿತು. ನನಗೇ ಎನ್ನುವುದು ಹೇಗೆ? "ಇಲಾಖೆಗೆ," ಅಂದುಬಿಟ್ಟರು.

ಅಂಗಡಿಯವನ ಮುಖ ಬಿಳಿಚಿಕೊಂಡಿತು. "ತೂಕದಲ್ಲಿ ನಂದೇನೂ ಇಲ್ಲ ಸಾರ್, ಕಂಪನಿಯಿಂದ ಹೇಗೆ ಬಂತೋ ಹಾಗೇ ಇಟ್ಟಿದ್ದೀನಿ!" ಎಂದು ಕೈ ಮುಗಿದ.

ಪೊಟ್ಟಣದ ಹಿಂದೆ ಹೀಗೆ ಅಚ್ಚಾಗಿತ್ತು: 'ಮುಖಕ್ಕೆ ದಪ್ಪಗೆ ಹಚ್ಚಿ. ಪೂರ್ತಿ ಒಣಗುವವರೆಗೆ ಮಾತನಾಡಬಾರದು, ನಗಬಾರದು, ತೊಳೆಯಬಾರದು. ತಪ್ಪಿದಲ್ಲಿ ಸುಕ್ಕುಗಳು ಶಾಶ್ವತವಾಗಿ ಉಳಿಯುವ ಸಂಭವವಿದೆ.' ಇಂಥ ಮಾತನ್ನು ಲೋಕದ ಜನ ಅರ್ಧ ಓದಿ ಪೊಟ್ಟಣ ಬಿಸಾಡುತ್ತಾರೆ. ತಕ್ಕಡಿಯವರು ಎರಡು ಸಲ ಓದಿ, ಶಾಶ್ವತವಾಗಿ ಎಂಬಲ್ಲಿ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕೂತರು. ಎಷ್ಟು ದಪ್ಪ ಎಂದು ಬರೆದಿರಲಿಲ್ಲ. ಸರಿಯಾದ ಅಳತೆ ಕೊಡದೆ ಇರುವುದು ಅಪರಾಧ ಎಂದು ಗೊಣಗುತ್ತ, ಕೊರತೆಯಾಗುವುದಕ್ಕಿಂತ ಹೆಚ್ಚಾಗಲಿ ಎಂದು ತೀರ್ಮಾನಿಸಿದರು.

ಅಕ್ಕ ಬರುವ ದಿನ ಎದ್ದವರೇ ಇಡೀ ಪೊಟ್ಟಣವನ್ನು ಚೊಂಬಿನ ನೀರಲ್ಲಿ ಕಲಸಿ, ಗೋಡೆಗೆ ಗಾರೆ ಬಳಿಯುವ ಹಾಗೆ ಹಣೆಯಿಂದ ಗಲ್ಲದವರೆಗೆ ಬಳಿದುಕೊಂಡರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಒಣಗಿದ ಮೇಲೆ ನೀರು ಹಿಡಿಯುವುದು, ಕಸ ಗುಡಿಸುವುದು, ಎಲ್ಲ. ಆದರೆ ಆ ದಿನವೇ ಮೋಡ ಕವಿದಿರಬೇಕೆ? ಬೆರಳು ದಪ್ಪದ ಮಣ್ಣು ಒಣಗುವ ಮಾತೇ ಆಡಲಿಲ್ಲ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು.

"ಸಾರ್? ಸಾರ್, ಎದ್ದಿದ್ದೀರಾ?" ಎದುರು ಮನೆಯ ದರ್ಜಿಯ ಹೆಂಡತಿ.

ಈ ಹೆಂಗಸಿಗೂ ತಕ್ಕಡಿಯವರಿಗೂ ಹೆಚ್ಚು ಮಾತಿರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಇವರು ಗೋಡೆಗೆ ಸರಿಯುತ್ತಿದ್ದರು, ಆಕೆ ಕಂಬಿಗೆ ಸರಿಯುತ್ತಿದ್ದಳು, ಹೆಚ್ಚುಕಮ್ಮಿ ಅಷ್ಟೇ ಪರಿಚಯ. ಇವತ್ತೇ ಯಾಕೆ ಬಂದಳೋ! ತಕ್ಕಡಿಯವರು ಉಸಿರು ಬಿಗಿ ಹಿಡಿದರು. ಉತ್ತರ ಸಿಗದಿದ್ದರೆ ಹೋಗುತ್ತಾಳೆ.

ಅವಳು ಹೋದಳು, ಗಂಡನನ್ನು ಎಬ್ಬಿಸಲು.

"ಏಳ್ರೀ! ಇವತ್ತು ಎದುರುಮನೇಲಿ ಬಕೆಟ್ ಸದ್ದೇ ಇಲ್ಲ. ನಾನು ಆ ಸದ್ದಿಗೇ ಒಲೆ ಹಚ್ಚೋದು. ಕಾದೂ ಕಾದೂ ನೋಡಿದ್ರೆ ಹೊರಗೆ ಬೆಳಕು ಹರಿದಿದೆ!"

ದರ್ಜಿ ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡೇ ಎದ್ದು ಬಂದ. ಹಿಂದೆಯೇ ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು, ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ಮೆಟ್ಟಿಲು ಹತ್ತಿದರು.

"ಏನ್ರೀ ಇದು, ಮೇಲೆ ಪೊರಕೆ ಸದ್ದೇ ಬರಲಿಲ್ಲ? ಅವರು ಗುಡಿಸಿದ ಮೇಲೆ ನಾನು ಮಾತ್ರೆ ನುಂಗೋದು. ತಗೋಬೇಕೋ ಬೇಡವೋ ಅಂತ ಕೈಯಲ್ಲಿ ಹಿಡ್ಕೊಂಡು ಕೂತಿದ್ದೀನಿ!"

"ತಗೊಳ್ಳಿ ಮೇಷ್ಟ್ರೇ, ಮೊದಲು ನೀವು ತಗೊಳ್ಳಿ," ಎಂದಳು ದರ್ಜಿಯ ಹೆಂಡತಿ. "ನಿಮಗೂ ಏನಾದ್ರೂ ಆಗಿ ಬಿಟ್ಟೀತು."

ಒಳಗೆ ತಕ್ಕಡಿಯವರ ಕಣ್ಣು ಅರಳಿತು. ಹುಬ್ಬು ಏರಬೇಕೆಂದಿತು; ಏರಿದರೆ ಹಣೆಯಲ್ಲಿ ಸುಕ್ಕು. ಇಳಿಸಿಕೊಂಡರು.

ದರ್ಜಿ ಫೋನು ಮಾಡಿದ. ಫೋನು ಒಳಗೇ ಬಡಕೊಂಡಿತು. ತಕ್ಕಡಿಯವರು ಅದನ್ನು ಹಿಡಿದು ಏನು ಮಾಡುವುದೆಂದು ತಿಳಿಯದೆ ದಿಂಬಿನ ಅಡಿ ತುರುಕಿದರು.

"ಸದ್ದು ಸಣ್ಣದಾಯ್ತು!" ದರ್ಜಿ ಕೂಗಿದ. "ಫೋನಿನ ಮೇಲೆ ಬಿದ್ದಿದ್ದಾರೆ!"

ಇನ್ನು ಸುಮ್ಮನಿದ್ದರೆ ಕೆಟ್ಟಿತು ಎಂದು ತಕ್ಕಡಿಯವರಿಗೆ ಅನ್ನಿಸಿತು. ಮಾತನಾಡಬಾರದು ಎಂದಿದೆಯೇ ಹೊರತು ಸದ್ದು ಮಾಡಬಾರದು ಎಂದಿಲ್ಲ. ಕುರ್ಚಿಯ ಕೈಗೆ ಬೆರಳಿಂದ ಟಕ್ ಟಕ್ ಎಂದು ಬಡಿದರು. ನಾನಿದ್ದೇನೆ, ಚಿಂತೆ ಬೇಡ ಎಂಬುದು ಅದರ ಅರ್ಥ.

ಹೊರಗೆ ಮೂವರೂ ಬಾಗಿಲಿಗೆ ಕಿವಿಯಿಟ್ಟರು.

"ಬಡೀತಿದ್ದಾರೆ," ಮೇಷ್ಟ್ರು ಗಂಭೀರವಾಗಿ ಹೇಳಿದರು. "ಅಂದ್ರೆ ಜೀವ ಇದೆ. ಆದ್ರೆ ಮಾತು ನಿಂತಿದೆ. ಇದು ಪಾರ್ಶ್ವವಾಯು. ಯಾವ ಕೈಯಲ್ಲಿ ಬಡೀತಿದ್ದಾರೆ, ಎಡವೋ ಬಲವೋ?"

"ಬಾಗಿಲ ಈಚೆಯಿಂದ ಅದು ಹೇಗೆ ಗೊತ್ತಾಗುತ್ತೆ ಮೇಷ್ಟ್ರೇ?"

"ಸದ್ದು ಕೇಳಿದ್ರೆ ಎಡ ಅನ್ನಿಸುತ್ತೆ."

ತಕ್ಕಡಿಯವರು ಬಲಗೈಯನ್ನು ನೋಡಿಕೊಂಡರು. ಬಾಯಿ ತೆರೆಯದೆ, ಇಲ್ಲ ಇಲ್ಲ ಎಂಬ ಅರ್ಥದಲ್ಲಿ "ಊಂ... ಊಂ..." ಎಂದರು.

"ಅಯ್ಯೋ, ನರಳ್ತಿದ್ದಾರೆ!" ದರ್ಜಿಯ ಹೆಂಡತಿಗೆ ಅಳು ಬಂತು. "ಪಾಪ, ಎಂಥ ಮನುಷ್ಯ! ನಮ್ಮ ಮಗುವಿಗೆ ಜ್ವರ ಬಂದಾಗ ಬಾಗಿಲ ಮುಂದೆ ಹಣ್ಣು ಇಟ್ಟು ಹೋಗಿದ್ದು ಇವರೇ. ಕೇಳಿದ್ರೆ, ಯಾರೋ ಮರೆತು ಬಿಟ್ಟಿರಬೇಕು ಅಂದ್ರು."

"ಇವರು ನನ್ನ ಟೇಪು ಕಿತ್ಕೊಂಡ ದಿನ ಎಷ್ಟು ಬೈಕೊಂಡಿದ್ದೆ!" ದರ್ಜಿಯೂ ಕರಗಿದ. "ಹಳೇ ಟೇಪು ಎಳೆದೂ ಎಳೆದೂ ಉದ್ದ ಆಗಿದೆ ಅಂದ್ರು. ಸುಳ್ಳು ಅಂದೆ. ನಿಜವೇ ಆಗಿತ್ತು. ವರ್ಷಗಟ್ಟಲೆ ಸೊಂಟ ಅದರಲ್ಲಿ ಅಳೆದು, ಬಟ್ಟೆ ಕೋಲಲ್ಲಿ ಅಳೆದು, ಬೀದಿಯೋರಿಗೆಲ್ಲ ಪ್ಯಾಂಟು ಬಿಗಿಯಾಗಿ ಹೊಲಿದು, ನೀವೇ ದಪ್ಪ ಆಗಿದ್ದೀರಿ ಅಂತ ಕಳಿಸಿದ್ದೆ."

"ಹಾಗಾದ್ರೆ ನಾನು ರಾತ್ರಿ ಊಟ ಬಿಟ್ಟಿದ್ದು?" ಮೇಷ್ಟ್ರು ತಮ್ಮ ಹೊಟ್ಟೆ ನೋಡಿಕೊಂಡರು.

ವಿಷಯ ಬೇರೆ ಕಡೆ ಹೊರಳುವ ಮೊದಲು ಬಾಗಿಲಿನ ಅಡಿಯಿಂದ ಒಂದು ಚೀಟಿ ಹೊರಬಂತು. ತಕ್ಕಡಿಯವರಿಗೆ ಬೇರೆ ದಾರಿ ಕಾಣಲಿಲ್ಲ. ಅದರಲ್ಲಿ ಮುತ್ತಿನಂಥ ಅಕ್ಷರದಲ್ಲಿ, 'ನಾನು ಕ್ಷೇಮವಾಗಿದ್ದೇನೆ. ದಯವಿಟ್ಟು ಯಾರೂ ಒಳಗೆ ಬರಬಾರದು' ಎಂದಿತ್ತು.

ಮೇಷ್ಟ್ರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಕ್ಷೇಮವಾಗಿರೋನು ಯಾವನಾದ್ರೂ ಒಳಗಿಂದ ಚೀಟಿ ತಳ್ತಾನೇನ್ರೀ? ಬಾಯಿ ಬಿಟ್ಟು ಹೇಳೋಕೆ ಏನು ಕಷ್ಟ?"

"ಬಾಯಿಗೆ ಬಟ್ಟೆ ತುರುಕಿದ್ರೆ?" ದರ್ಜಿ ಪಿಸುಗುಟ್ಟಿದ.

ಮೂವರೂ ಬಾಗಿಲಿಂದ ಒಂದು ಹೆಜ್ಜೆ ಹಿಂದೆ ಸರಿದರು. ಪಾರ್ಶ್ವವಾಯು ಆ ಕ್ಷಣಕ್ಕೆ ವಾಸಿಯಾಗಿ, ಅದರ ಜಾಗದಲ್ಲಿ ಕಳ್ಳ ಬಂದು ಕೂತಿದ್ದ. ಕೈಯಲ್ಲಿ ಚಾಕು ಇತ್ತು. ದರ್ಜಿ ಕೆಳಗೆ ಓಡುವಷ್ಟರಲ್ಲಿ ಅದು ಮಚ್ಚಾಗಿತ್ತು. ಬೀದಿ ತಿರುವಿನ ಕಾನ್‌ಸ್ಟೇಬಲ್ಲನ್ನು ಕರೆತರುವಷ್ಟರಲ್ಲಿ ಕಳ್ಳರು ಇಬ್ಬರಾಗಿದ್ದರು. ದಾರಿಯಲ್ಲಿ ಬೀಗ ರಿಪೇರಿಯವನೂ ಜೊತೆಗೆ ಸೇರಿಕೊಂಡ.

ಬೀಗದವನು ಬಾಗಿಲನ್ನು ತಟ್ಟಿ, ಕಿವಿಗೊಟ್ಟು, ಎದ್ದು ನಿಂತ. "ಇದು ಬೀಗ ಅಲ್ಲ ಸಾರ್, ಒಳಗಿನ ಚಿಲಕ. ನಮ್ಮ ಬೋರ್ಡಲ್ಲಿ ಬೀಗ ರಿಪೇರಿ ಅಂತ ಮಾತ್ರ ಇರೋದು. ಚಿಲಕಕ್ಕೆ ಬಡಗಿ ಕರೀಬೇಕು."

"ಜೀವ ಹೋಗ್ತಿದೆ, ಇವನಿಗೆ ಬೋರ್ಡಿನ ಚಿಂತೆ!" ಎಂದರು ಮೇಷ್ಟ್ರು.

ಕಾನ್‌ಸ್ಟೇಬಲ್ ಎಲ್ಲರನ್ನೂ ಹಿಂದೆ ತಳ್ಳಿ ಗಂಟಲು ಸರಿಮಾಡಿಕೊಂಡ. "ಒಳಗಿರೋರು ಕೇಳಿ! ನೀವು ಎಷ್ಟು ಜನ ಇದ್ದೀರೋ ಅಷ್ಟು ಸಲ ಬಡೀರಿ!"

ಟಕ್.

"ಒಬ್ಬನೇ!" ಎಂದ ಕಾನ್‌ಸ್ಟೇಬಲ್ ಗೆಲುವಿನಿಂದ.

"ಯಾರು ಒಬ್ಬನೇ?" ಮೇಷ್ಟ್ರು ಬಿಡಲಿಲ್ಲ. "ಕಳ್ಳ ಒಬ್ಬನೋ, ಇವರನ್ನೂ ಸೇರಿಸಿ ಒಬ್ಬನೋ? ಪ್ರಶ್ನೆ ಸ್ಪಷ್ಟ ಇರಬೇಕು. ಹೀಗೆ ಕೇಳಿದ್ರೆ ಯಾವ ವಿದ್ಯಾರ್ಥಿ ಸರಿಯಾದ ಉತ್ತರ ಕೊಟ್ಟಾನು?"

"ಕಳ್ಳರು ಎಷ್ಟು ಜನ?" ಕಾನ್‌ಸ್ಟೇಬಲ್ ಮತ್ತೆ ಕೂಗಿದ.

ಯಾರೂ ಇಲ್ಲ ಎಂಬುದನ್ನು ಬಡಿದು ಹೇಳುವುದು ಹೇಗೆ? ತಕ್ಕಡಿಯವರು ಬಡಿಯದೆ ಕೂತರು.

"ಉತ್ತರ ಬಂದಿಲ್ಲ. ಕೈ ಕಟ್ಟಿಬಿಟ್ಟರು!" ಎಂದು ದರ್ಜಿಯ ಹೆಂಡತಿ ಚೀರಿದಳು.

ತಕ್ಕಡಿಯವರಿಗೆ ಈಗ ಮೈಯೆಲ್ಲ ಬೆವರು. ಬೆವರಿಗೆ ಮಣ್ಣು ಇನ್ನಷ್ಟು ಒದ್ದೆಯಾಗತೊಡಗಿತು. ಎದ್ದು ಬಾಗಿಲು ತೆಗೆದರೆ ಈ ಮೋರೆಯನ್ನು ಇಡೀ ಮಹಡಿಯೇ ನೋಡುತ್ತದೆ. ನಾಳೆ ಯಾವ ಅಂಗಡಿಯವನು ಹೆದರಿ ತಕ್ಕಡಿ ತೋರಿಸುತ್ತಾನೆ? ತೊಳೆದುಕೊಂಡರೆ ಸುಕ್ಕು ಶಾಶ್ವತ, ಅಕ್ಕ ಎಳೆದುಕೊಂಡು ಹೋಗುವುದು ಖಂಡಿತ. ಇನ್ನು ಸ್ವಲ್ಪ ಹೊತ್ತು, ಕೆನ್ನೆಯ ಅಂಚು ಬಿಗಿಯುತ್ತಿದೆ, ಇನ್ನು ಸ್ವಲ್ಪ ಹೊತ್ತು...

ಅಷ್ಟರಲ್ಲಿ ದರ್ಜಿಗೆ ಒಂದು ಉಪಾಯ ಹೊಳೆದಿತ್ತು. ತನ್ನ ಹೊಲಿಗೆ ಅಂಗಡಿಯ ಕನ್ನಡಿಯನ್ನು ಅಳತೆಯ ಕೋಲಿನ ತುದಿಗೆ ಕಟ್ಟಿ, ಬೀಗದವನ ಹೆಗಲ ಮೇಲೆ ಹತ್ತಿ, ಬಾಗಿಲ ಮೇಲಿನ ಗಾಳಿಗಂಡಿಯಿಂದ ಒಳಗೆ ತೂರಿಸಿದ.

"ಏನು ಕಾಣ್ತಿದೆ?"

"ಮಂಚ. ಟವೆಲು... ಕುರ್ಚಿ... ಕುರ್ಚಿ ಮೇಲೆ..." ದರ್ಜಿಯ ಮಾತು ನಿಂತಿತು. ಕನ್ನಡಿಯಲ್ಲಿ ಕಂಡದ್ದು ಬೂದು ಬಣ್ಣದ ಒಂದು ದೊಡ್ಡ ಮುದ್ದೆ. ಅದರ ನಡುವೆ ಎರಡು ಕಣ್ಣು, ರೆಪ್ಪೆ ಹೊಡೆಯದೆ ಅವನನ್ನೇ ನೋಡುತ್ತಿದ್ದವು.

"ಹೋಯ್ತು!" ಎಂದು ಕಿರುಚಿ ಅವನು ಕನ್ನಡಿ, ಕೋಲು, ಬೀಗದವನ ಸಮೇತ ಕೆಳಗುರುಳಿದ. "ಎಲ್ಲಾ ಹೋಯ್ತು! ಮುಖ ಮಣ್ಣಾಗಿ ಹೋಗಿದೆ! ಕಣ್ಣು ಮಾತ್ರ ಬಿಟ್ಟಿದೆ!"

ಸರಿಯಾಗಿ ಆ ಗಳಿಗೆಯಲ್ಲಿ ಅಕ್ಕ ಮೆಟ್ಟಿಲು ಹತ್ತಿ ಬಂದರು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ತಮ್ಮನ ಹಾಸಿಗೆ ಕಟ್ಟಲು ತಂದ ಹಗ್ಗ. ಮಹಡಿಯ ತುಂಬ ಜನ, ಪೊಲೀಸು, ಒಬ್ಬ ನೆಲದ ಮೇಲೆ ಬಿದ್ದಿದ್ದಾನೆ, ಒಬ್ಬಳು ಅಳುತ್ತಿದ್ದಾಳೆ. ಅಕ್ಕನ ಕೈಯಿಂದ ಹಗ್ಗ ಜಾರಿತು.

"ಯಾರಿಗೆ ಏನಾಯ್ತು? ಇದು ನನ್ನ ತಮ್ಮನ ಮನೆ!"

ದರ್ಜಿಯ ಹೆಂಡತಿ ಹೋಗಿ ಅಕ್ಕನ ಕೈ ಹಿಡಿದುಕೊಂಡಳು. ಕಾನ್‌ಸ್ಟೇಬಲ್ ಟೋಪಿ ತೆಗೆದ. ಆ ಟೋಪಿ ತೆಗೆದದ್ದೇ ಸಾಕಾಯಿತು.

"ಲೋ ತಮ್ಮಾ!" ಅಕ್ಕ ಬಾಗಿಲಿಗೆ ಎರಡೂ ಕೈಯಿಂದ ಬಡಿದರು. "ಬಡ್ಕೊಂಡೆ, ಒಬ್ಬನೇ ಇರಬೇಡವೋ ಅಂತ ಬಡ್ಕೊಂಡೆ! ಬಾಡಿದ ಬದನೇಕಾಯಿ ಅಂದೆನಲ್ಲೋ ನಿನ್ನ, ನನ್ನ ನಾಲಿಗೆ ಸುಡ! ಆ ಮುಖನೇ ಸಾಕು ಕಣೋ, ಒಂದು ಸಲ ತೋರಿಸೋ! ಒಂದೇ ಸಲ ಅಕ್ಕಾ ಅನ್ನೋ!"

ಒಳಗೆ ತಕ್ಕಡಿಯವರು ಎದ್ದು ನಿಂತಿದ್ದರು. ಅಕ್ಕ ಅಳುವುದನ್ನು ಅವರು ಅಮ್ಮ ಹೋದ ದಿನ ಕೇಳಿದ್ದರು, ಮತ್ತೆ ಈಗ. ಪೊಟ್ಟಣದ ನಿಯಮ, ಶಾಶ್ವತ ಸುಕ್ಕು, ಇಲಾಖೆಯ ಮರ್ಯಾದೆ, ಯಾವುದೂ ನೆನಪಿಗೆ ಬರಲಿಲ್ಲ. ಚಿಲಕ ಎಳೆದು, ಬಾಯಿ ಪೂರ್ತಿ ತೆರೆದು ಕೂಗಿದರು.

"ಅಕ್ಕಾ!"

ಗಲ್ಲದ ಮಣ್ಣು ಒಂದು ದೊಡ್ಡ ಹೆಂಟೆಯಾಗಿ ಕಾನ್‌ಸ್ಟೇಬಲ್ಲನ ಬೂಟಿನ ಮೇಲೆ ಬಿತ್ತು. ಮೂಗಿನದು ನಿಧಾನವಾಗಿ ಜಾರಿತು. ಮೇಷ್ಟ್ರು ಕೈಯಲ್ಲಿದ್ದ ಮಾತ್ರೆಯನ್ನು ನೀರಿಲ್ಲದೆಯೇ ನುಂಗಿದರು.

ಅಕ್ಕ ಅಳು ನಿಲ್ಲಿಸಿ ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು.

"ಏನೋ ಇದು, ಕೋಡಂಗಿ?"

"ಕಳೆ ಬರ್ಲಿ ಅಂತ ಹಚ್ಕೊಂಡಿದ್ದೆ ಅಕ್ಕಾ," ತಕ್ಕಡಿಯವರು ನೆಲ ನೋಡುತ್ತ ಹೇಳಿದರು. "ಒಣಗೋವರೆಗೆ ಮಾತಾಡಬಾರದು ಅಂತ ಬರೆದಿತ್ತು."

ಎಲ್ಲರಿಗಿಂತ ಮೊದಲು ನಕ್ಕದ್ದು ಬೀಗದವನು, ಸೊಂಟ ಹಿಡಿದುಕೊಂಡೇ. ಆಮೇಲೆ ಯಾರು ಯಾರನ್ನು ಹಿಡಿದುಕೊಂಡು ನಕ್ಕರೋ ಹೇಳುವುದು ಕಷ್ಟ. ಕಾನ್‌ಸ್ಟೇಬಲ್ ನಗುತ್ತಲೇ ತನ್ನ ಕರವಸ್ತ್ರ ಒದ್ದೆ ಮಾಡಿ ತಕ್ಕಡಿಯವರ ಕೈಗೆ ಕೊಟ್ಟ. ಕಿವಿಯ ಹಿಂದೆ ಉಳಿದಿದೆ ಸಾರ್ ಎಂದು ತೋರಿಸಿದ. ದರ್ಜಿಯ ಹೆಂಡತಿ ಎಲ್ಲರಿಗೂ ಕಾಫಿ ತಂದಳು. ತಕ್ಕಡಿಯವರ ಮನೆಯಲ್ಲಿ ಇದ್ದದ್ದು ಒಂದೇ ಲೋಟವಾದ್ದರಿಂದ ಲೋಟಗಳನ್ನೂ ಅವಳೇ ತಂದಳು.

ನಗು ತಣ್ಣಗಾದ ಮೇಲೆ ಅಕ್ಕ ಹಗ್ಗವನ್ನು ಎತ್ತಿಕೊಂಡರು. ತಕ್ಕಡಿಯವರು ಕುರ್ಚಿಯ ಹಿಂದಕ್ಕೆ ಸರಿದರು.

"ಮುಖ ತೊಳೆದೆಯಲ್ಲ, ಇಲ್ಲಿ ಬಾ ನೋಡೋಣ." ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಉಜ್ಜಿ ಉಜ್ಜಿ ಕೆಂಪಾಗಿದ್ದ ಮುಖದಲ್ಲಿ ಸುಕ್ಕುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕ್ಷೇಮವಾಗಿದ್ದವು. "ಎಲ್ಲಿದೆಯೋ ಕಳೆ? ಹೊರಡು."

"ಅಮ್ಮಾ, ಕರ್ಕೊಂಡು ಹೋಗಿಬಿಡ್ತೀರಾ?" ದರ್ಜಿಯ ಹೆಂಡತಿ ಕೇಳಿದಳು.

"ಇನ್ನೇನು ಮಾಡ್ಲಮ್ಮಾ? ಇವನಿಗೆ ಇಲ್ಲಿ ಯಾರಿದ್ದಾರೆ? ಜ್ವರ ಬಂದ್ರೆ ಗೊತ್ತಾಗುತ್ತಾ?"

"ಗೊತ್ತಾಗುತ್ತಲ್ಲ. ಜ್ವರ ಬಂದ್ರೆ ಇವರ ಕೆಮ್ಮು ಒಣಗಿರುತ್ತೆ. ನೆಗಡಿ ಕೆಮ್ಮು ಬೇರೆ."

"ಹೋದ ತಿಂಗಳು ಮೂರು ದಿನ ಬರೀ ಬ್ರೆಡ್ ತಿಂದ್ರು," ದರ್ಜಿ ಸೇರಿಸಿದ. "ಸ್ಟವ್ ಸದ್ದೇ ಇರ್ಲಿಲ್ಲ. ಮೂರನೇ ದಿನ ಇವಳು ಸಾರು ಮಾಡಿ, ಜಾಸ್ತಿ ಆಗಿದೆ ಅಂತ ಸುಳ್ಳು ಹೇಳಿ ಕೊಟ್ಟು ಬಂದ್ಲು."

"ಸ್ನಾನ ಮಾಡುವಾಗ ಹಾಡ್ತಾರೆ," ಎಂದರು ಮೇಷ್ಟ್ರು. "ಶ್ರುತಿ ಸರಿ ಇಲ್ಲ. ಆದ್ರೆ ಹಾಡಿದ ದಿನ ಮನಸ್ಸು ಚೆನ್ನಾಗಿದೆ ಅಂತ ಲೆಕ್ಕ. ಹಾಡದ ದಿನ ನಾನು ಮೆಟ್ಟಿಲಲ್ಲಿ ನಿಂತು, ಪೇಪರಲ್ಲಿ ಏನಾದ್ರೂ ಇದೆಯಾ ಅಂತ ಸುಮ್ಮನೆ ಮಾತಾಡಿಸ್ತೀನಿ."

ತಕ್ಕಡಿಯವರಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನ್ನಿಸಿತು. ಇಷ್ಟು ವರ್ಷ ಒಬ್ಬನೇ ಇದ್ದೇನೆಂದು ತಿಳಿದು ಎಷ್ಟು ದೊಡ್ಡ ದನಿಯಲ್ಲಿ ಹಾಡಿದ್ದರು! ಆದರೂ ಎದೆಯ ಒಳಗೆ ಏನೋ ಬೆಚ್ಚಗಾಯಿತು. ಕಾಫಿಯಿಂದ ಇರಬೇಕು ಅಂದುಕೊಂಡರು.

ಅಕ್ಕ ಹಗ್ಗವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು.

"ನಮ್ಮನೇಲಿ ಏಳು ಜನ," ಎಂದರು ಕೊನೆಗೆ, ಯಾರಿಗೆಂದಿಲ್ಲದೆ. "ಹೋದ ವಾರ ನಂಗೆ ತಲೆ ಸುತ್ತಿ, ಬೆಳಗ್ಗೆ ಏಳಕ್ಕಾಗಲಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ಇಣುಕಿ ನೋಡಿದ್ರು. ಒಬ್ಬ ನನ್ನ ಶರ್ಟ್ ಎಲ್ಲಿ ಅಂದ. ಒಬ್ಬಳು ಇವತ್ತು ತಿಂಡಿ ಏನು ಅಂದಳು. ಒಳ್ಳೇ ಮಕ್ಕಳೇ ಕಣಮ್ಮಾ, ದೂರೋದಿಲ್ಲ. ಅವರವರ ಗಡಿಬಿಡಿ ಅವರಿಗೆ."

ದರ್ಜಿಯ ಹೆಂಡತಿ ಅಕ್ಕನ ಲೋಟಕ್ಕೆ ಇನ್ನೊಂದಿಷ್ಟು ಕಾಫಿ ಬಗ್ಗಿಸಿದಳು.

ಅಕ್ಕ ಎದ್ದರು. ಹಗ್ಗವನ್ನು ಕಿಟಕಿಯಿಂದ ಗೂಟಕ್ಕೆ ಎಳೆದು ಕಟ್ಟಿ, ಚೀಲದಿಂದ, ಬಸ್ ನಿಲ್ದಾಣದಲ್ಲಿ ಮುಖ ಒರೆಸಿಕೊಂಡು ಒದ್ದೆಯಾಗಿದ್ದ ತಮ್ಮ ಟವೆಲನ್ನು ತೆಗೆದು ಅದರ ಮೇಲೆ ಹರವಿದರು.

"ನಾಲ್ಕು ದಿನ ನಾನೇ ಇಲ್ಲಿರ್ತೀನಿ ಕಣೋ."

"ಮತ್ತೆ ನಾನು?" ತಕ್ಕಡಿಯವರು ಕೇಳಿದರು.

"ನೀನು ಎಲ್ಲಿಗೂ ಹೋಗೋದು ಬೇಡ. ಇಲ್ಲೇ ಇರು. ಇಷ್ಟು ಜನರ ಮಧ್ಯದಿಂದ ನಿನ್ನ ಕಿತ್ತು ಫ್ರಿಜ್ ಪಕ್ಕ ಮಲಗಿಸಿದ್ರೆ ನಂಗೆ ಒಳ್ಳೇದಾಗಲ್ಲ."

ಜನ ಕರಗಿದರು. ಕಾನ್‌ಸ್ಟೇಬಲ್ ಬೂಟು ಕೊಡವಿಕೊಂಡು ಹೊರಟ. ತಕ್ಕಡಿಯವರು ಹೊಸ ಉತ್ಸಾಹದಲ್ಲಿ ಅಕ್ಕನಿಗೆ ಅನ್ನಕ್ಕಿಟ್ಟು, ಕೆಳಗಿನ ಅಂಗಡಿಗೆ ಓಡಿ ಇನ್ನೊಂದು ತಟ್ಟೆ, ಇನ್ನೊಂದು ಲೋಟ ತಂದರು. ಊಟ ಮುಗಿಸಿ ಅಕ್ಕ ಮಂಚದ ಮೇಲೆ ಕಾಲು ಚಾಚಿದರು. ಹಗಲಲ್ಲಿ ಮಲಗಿ ಎಷ್ಟು ಕಾಲವಾಗಿತ್ತೋ, ಅವರಿಗೇ ನೆನಪಿರಲಿಲ್ಲ. ತಮ್ಮ ಸದ್ದಾಗದಂತೆ ಕುರ್ಚಿಯಲ್ಲಿ ಕೂತು ಪೇಪರು ಹಿಡಿದರು. ಮನೆ ಗಪ್‌ಚಿಪ್ ಆಯಿತು.

ಕಣ್ಣಿಗೆ ಜೊಂಪು ಹತ್ತುವ ಹೊತ್ತಿಗೆ ಬಾಗಿಲ ಮೇಲೆ ಮೆಲ್ಲಗೆ ಬೆರಳು ಬಡಿದ ಸದ್ದು.

"ಸಾರ್," ದರ್ಜಿಯ ಹೆಂಡತಿಯ ಪಿಸುಮಾತು, "ಅಮ್ಮನ ಸದ್ದೇ ಇಲ್ವಲ್ಲ. ಹುಷಾರಾಗಿದ್ದಾರೆ ತಾನೆ?"

ತಕ್ಕಡಿಯವರು ಉತ್ತರ ಕೊಡಲು ಬಾಯಿ ತೆರೆದರು. ಅಕ್ಕ ಮಂಚದಿಂದಲೇ ಕೈ ಚಾಚಿ ಅವರ ಮೊಣಕೈ ಹಿಡಿದು ಎಳೆದರು. ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು.

"ಸುಮ್ಮನಿರೋ," ಎಂದರು ಉಸಿರಿನಲ್ಲೇ. "ಇನ್ನೊಂದು ಸಲ ಕೇಳಲಿ."